ಹೊಟ್ಟಿನ ಬಾಯ್ಲರ್‌ಗೆ ಎಕನಾಮೈಸರ್: ಕೆಲವು ಹಂಗಾಮು ಓಡಿಸಿದ ಮೇಲೆ

ಎಕನಾಮೈಸರ್ ಅಂದರೆ ಚಿಮಣಿಗೆ ಹೋಗುವ ಹೊಗೆಯ ಬಿಸಿಯಲ್ಲೇ ಬಾಯ್ಲರ್‌ಗೆ ಹೋಗುವ ನೀರು ಕಾಯಿಸುವ ಟ್ಯೂಬ್‌ಗಳ ಡಬ್ಬಿ. ಭತ್ತದ ಹೊಟ್ಟು ಉರಿಸುವವರು ಅದನ್ನು ತಗೊಳ್ಳುವಾಗ ಮೊದಲು ರೇಟ್ ಕೇಳಬೇಡಿ. ಒಳಗಿನ ಟ್ಯೂಬ್‌ಗೆ ಫಿನ್ (ಶಾಖ ಹೆಚ್ಚು ಹಿಡಿಯಲು ಸುತ್ತ ಹಚ್ಚಿದ ತೆಳು ತಗಡಿನ ರೆಕ್ಕೆ) ಇದೆಯಾ, ಇಲ್ಲ ಪ್ಲೇನ್ ಟ್ಯೂಬಾ ಅಂತ ಕೇಳಿ. ನಮಗೆ ಬಂದದ್ದು ಫಿನ್ ಇರುವ ಮಾಲು. ಈ ವಿಮರ್ಶೆ ಬರೆಯಲು ಕೂತದ್ದೇ ಆ ಸಿಟ್ಟಿಗೆ.

ನಮ್ಮದು ದಾವಣಗೆರೆ ಹತ್ತಿರ ಸ್ಟೀಮ್ ರೈಸ್ ಮಿಲ್ಲು. ಭದ್ರಾ ಚಾನಲ್ ಭಾಗದ ಭತ್ತ, ಗಂಟೆಗೆ 3 ಟನ್ ಹಬೆ ಕೊಡುವ ಬಾಯ್ಲರ್. "ನಿಮ್ಮ ಮಿಲ್ಲಿನದೇ ಹೊಟ್ಟು, ಪುಕ್ಕಟೆ ಅಲ್ವಾ, ಉಳಿಸಿ ಏನು ಮಾಡ್ತೀರಿ" ಅಂತ ಕೇಳುವವರಿದ್ದಾರೆ. ಪುಕ್ಕಟೆ ಅಲ್ಲ. ಮಿಕ್ಕ ಹೊಟ್ಟನ್ನು ಮಂಡಕ್ಕಿ ಭಟ್ಟಿಯವರು, ಇಟ್ಟಿಗೆ ಸುಡುವವರು ದುಡ್ಡು ಕೊಟ್ಟು ಒಯ್ಯುತ್ತಾರೆ. ಚಿಮಣಿಗೆ ಹೋಗುವ ಹೊಗೆ 230 ಡಿಗ್ರಿ ಇತ್ತು. ಫೀಡ್ ವಾಟರ್, ಅಂದರೆ ಬಾಯ್ಲರ್‌ಗೆ ಹೋಗುವ ನೀರು, 6 ಡಿಗ್ರಿ ಬಿಸಿಯಾದರೆ ಇಂಧನ ಸುಮಾರು ನೂರಕ್ಕೆ ಒಂದು ಉಳಿಯುತ್ತದೆ ಅನ್ನುವ ಲೆಕ್ಕ ಬಾಯ್ಲರ್ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆ ಲೆಕ್ಕ ಹಿಡಿದೇ ಹಾಕಿಸಿದ್ದು.

ಕಮಿಷನಿಂಗ್ ಮಾಡಲು, ಅಂದರೆ ಮೊದಲ ಸಲ ಓಡಿಸಿ ಕೊಡಲು, ಬಂದ ಹುಡುಗನ ಬಗ್ಗೆ ಒಳ್ಳೆಯ ಮಾತೇ ಹೇಳಬೇಕು. ಮೊದಲು ನೀರು ತುಂಬಿಸಿ, ಮೇಲಿನ ವೆಂಟ್ ತೆಗೆದು ಗಾಳಿ ಪೂರ್ತಿ ಹೋಗುವವರೆಗೆ ಬೆಂಕಿ ಮುಟ್ಟಲು ಬಿಡಲಿಲ್ಲ. ಹೊಗೆಯನ್ನು ಬೈಪಾಸ್ ಡ್ಯಾಂಪರ್‌ನಲ್ಲಿ (ಎಕನಾಮೈಸರ್ ತಪ್ಪಿಸಿ ನೇರ ಚಿಮಣಿಗೆ ಬಿಡುವ ಬಾಗಿಲು) ಕಳಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಎಕನಾಮೈಸರ್ ಕಡೆ ತಿರುಗಿಸಿದ. ಆಗ ಒಳಗಿನಿಂದ ಟಕ್ ಟಕ್ ಅಂತ ಬಡಿಯುವ ಸದ್ದು ಶುರುವಾಯಿತು. ನಮ್ಮ ಫೀಡ್ ಪಂಪ್ ಆನ್ ಆಫ್ ಆಗುವಂಥದ್ದು. ಪಂಪ್ ನಿಂತಾಗ ನೀರು ಟ್ಯೂಬ್‌ನಲ್ಲೇ ನಿಲ್ಲುತ್ತದೆ, ಹೊಗೆ ಮಾತ್ರ ಹರಿಯುತ್ತಲೇ ಇರುತ್ತದೆ. ನಿಂತ ನೀರು ಅಲ್ಲೇ ಕುದಿದು ಹಬೆ ಕಟ್ಟುತ್ತದೆ. ಪಂಪ್ ಮತ್ತೆ ಶುರುವಾದಾಗ ಆ ಹಬೆಗೆ ತಣ್ಣೀರು ಬಡಿಯುತ್ತದೆ. ಲೆವೆಲ್ ನೋಡಿಕೊಂಡು ಪಂಪಿನ ವೇಗ ಏರಿಳಿಸುವ ಡ್ರೈವ್ ಹಾಕಿಸಿದ ಮೇಲೆ ನೀರು ಸದಾ ಹರಿಯುತ್ತದೆ, ಸದ್ದು ನಿಂತಿತು. ಡ್ರೈವ್‌ನ ಖರ್ಚು ಕೊಟೇಶನ್‌ನಲ್ಲಿ ಇರಲಿಲ್ಲ. ನೀವು ಮೊದಲೇ ಕೇಳಿ ಬರೆಸಿಕೊಳ್ಳಿ.

ಅವತ್ತು ಚಿಮಣಿ ಕಡೆಗೆ 155 ಡಿಗ್ರಿ ಬಂತು. ರಿಪೋರ್ಟ್‌ನಲ್ಲಿ ಬರೆದರು, ಸಹಿ ಆಯಿತು, ಎಲ್ಲರಿಗೂ ಖುಷಿ.

ಹಂಗಾಮು ಜೋರಾಗುವಷ್ಟರಲ್ಲಿ ನಮ್ಮ ಆಪರೇಟರ್ ಬಂದು, "ಹೊಗೆ ಎಳೀತಿಲ್ಲ ನೋಡ್ರಿ ಸಾವ್ಕಾರ್ರೆ, ಬಾಗ್ಲಿಗೇ ಬರ್ತೈತೆ" ಅಂದರು. ಹೊಗೆಯನ್ನು ಚಿಮಣಿಗೆ ಎಳೆಯುವ ಐಡಿ ಫ್ಯಾನ್ ಪೂರ್ತಿ ಓಡುತ್ತಿತ್ತು, ಆದರೂ ಒಲೆಯ ಬಾಯಿಂದ ಹೊಗೆ ಹೊರಗೆ. ನಿಲ್ಲಿಸಿ ತೆಗೆದು ನೋಡಿದರೆ ಫಿನ್‌ಗಳ ಸಂದು ಒಂದೂ ಕಾಣುತ್ತಿಲ್ಲ. ಬೂದು ಬಣ್ಣದ ಗಟ್ಟಿ ಗೋಡೆ.

ಕಾರಣ ಸರಳ. ಹೊಟ್ಟು ಉರಿದರೆ ಐದರಲ್ಲಿ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ. ಆ ಬೂದಿಯ ಬಹುಪಾಲು ಸಿಲಿಕಾ. ಹೊಗೆಯಿಂದ ಬೂದಿ ಬೇರ್ಪಡಿಸುವ ಸೈಕ್ಲೋನ್ ಎಷ್ಟೇ ಹಿಡಿದರೂ ನುಣ್ಣನೆಯದು ಸ್ವಲ್ಪ ಎಕನಾಮೈಸರ್‌ಗೆ ಬಂದೇ ಬರುತ್ತದೆ. ಗ್ಯಾಸ್ ಅಥವಾ ಡೀಸೆಲ್ ಬಾಯ್ಲರ್‌ಗೆ ಫಿನ್ ಚೆನ್ನಾಗಿರುತ್ತದೆ, ಅಲ್ಲಿ ಬೂದಿಯ ಕಾಟ ಇಲ್ಲ. ನಮ್ಮಲ್ಲಿ ಅದೇ ಫಿನ್ ಬೂದಿ ಹಿಡಿಯುವ ಜರಡಿ. ಇಷ್ಟು ಗೊತ್ತಿದ್ದೂ ಹೊಟ್ಟಿನ ಬಾಯ್ಲರ್‌ಗೆ ಅದನ್ನೇ ಕೊಟ್ಟರಲ್ಲ ಅನ್ನುವುದೇ ನನ್ನ ತಕರಾರು. ಡಬ್ಬಿ ಚಿಕ್ಕದಾಗುತ್ತದೆ, ಮೊದಲ ದಿನದ ಅಂಕಿ ಚೆನ್ನಾಗಿ ಕಾಣುತ್ತದೆ, ಮಾರಲು ಸಲೀಸು.

ಬೂದಿ ಗಟ್ಟಿಯಾದದ್ದಕ್ಕೆ ಇನ್ನೊಂದು ಕಾರಣ ಇತ್ತು. ಡ್ರೈಯರ್ ಓಡುವಾಗ ಅದರ ಕಂಡೆನ್ಸೇಟ್ (ಹಬೆ ತಣಿದು ಆದ ಬಿಸಿ ನೀರು) ಫೀಡ್ ಟ್ಯಾಂಕ್‌ಗೆ ವಾಪಸ್ ಬರುತ್ತದೆ, ಟ್ಯಾಂಕ್ 60 ಡಿಗ್ರಿ ದಾಟಿರುತ್ತದೆ. ರಜೆ ಮುಗಿಸಿ ಬೆಂಕಿ ಹಾಕಿದಾಗ ಟ್ಯಾಂಕ್ ತಣ್ಣಗಿರುತ್ತದೆ. ತಣ್ಣನೆಯ ಟ್ಯೂಬ್‌ಗೆ ಹೊಗೆಯಲ್ಲಿನ ತೇವ ತಗುಲಿ ಬೆವರುತ್ತದೆ, ಆ ಬೆವರಿಗೆ ಬೂದಿ ಮೆತ್ತಿ ಒಣಗಿ ಹೆಪ್ಪುಗಟ್ಟುತ್ತದೆ. ಹೊಟ್ಟಿನಲ್ಲಿ ಗಂಧಕ ಕಡಿಮೆ, ಕಲ್ಲಿದ್ದಲಿನವರಷ್ಟು ಆಸಿಡ್ ಭಯ ನಮಗಿಲ್ಲ. ಆದರೆ ಈ ಬೆವರು ಸಾಕು. ಈಗ ಬೆಂಕಿ ಹಾಕುವ ಮುಂಚೆ ಬೈಪಾಸ್ ತೆರೆಯುತ್ತೇವೆ. ಮೊದಲು ಬರುವ ಹಬೆಯನ್ನು ಟ್ಯಾಂಕ್‌ಗೇ ಬಿಟ್ಟು, 60 ದಾಟಿದ ಮೇಲೆ ಡ್ಯಾಂಪರ್ ತಿರುಗಿಸುತ್ತೇವೆ.

ಜಗಳ ಆಡಿ, ಪತ್ರ ಬರೆದು, ಕೊನೆಗೆ ಅದೇ ಕಂಪನಿಯವರಿಂದ ಟ್ಯೂಬ್ ಬ್ಲಾಕ್ ಬದಲಾಯಿಸಿಕೊಂಡೆವು. ಪ್ಲೇನ್ ಟ್ಯೂಬ್, ನೇರ ಸಾಲು, ನಡುವೆ ಅಗಲ ಸಂದು. ಹೊಸ ಬ್ಲಾಕ್‌ಗೂ ಐಬಿಆರ್ (ಭಾರತೀಯ ಬಾಯ್ಲರ್ ನಿಯಮಾವಳಿ) ಕಾಗದ ಬೇಕು, ಅದಿಲ್ಲದೆ ಸುಮ್ನೆ ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಮಾಡಿಸಬೇಡಿ. 1923ರ ಕಾಯ್ದೆ ಹೋಗಿ 2025ರ ಬಾಯ್ಲರ್ ಕಾಯ್ದೆ ಬಂದರೂ ಇನ್‌ಸ್ಪೆಕ್ಟರ್ ನೋಡುವುದು ತಪ್ಪಿಲ್ಲ, ತಪ್ಪಲೂಬಾರದು.

ಅದೇ ಡಬ್ಬಿಯಲ್ಲಿ ಪ್ಲೇನ್ ಟ್ಯೂಬ್ ಅಂದರೆ ಶಾಖ ಹಿಡಿಯುವ ಜಾಗ ಕಡಿಮೆ. ಹೊಗೆ ಈಗ 155ಕ್ಕೆ ಇಳಿಯುವುದಿಲ್ಲ, 175ರ ಹತ್ತಿರ ನಿಲ್ಲುತ್ತದೆ. ಆದರೆ ಅಲ್ಲೇ ನಿಲ್ಲುತ್ತದೆ! ಫಿನ್ ಇದ್ದಾಗ 155ರಿಂದ ಶುರುವಾಗಿ ಕೆಲವೇ ವಾರದಲ್ಲಿ 200 ದಾಟುತ್ತಿತ್ತು. ಇಡೀ ಹಂಗಾಮಿನ ಹೊಟ್ಟಿನ ಲೆಕ್ಕ ಹಾಕಿದರೆ ಪ್ಲೇನ್ ಟ್ಯೂಬೇ ಜಾಸ್ತಿ ಉಳಿಸುತ್ತಿದೆ. ನನ್ನ ಸಿಟ್ಟು ಅರ್ಧ ಇಳಿದದ್ದು ಈ ಲೆಕ್ಕ ನೋಡಿ.

ಇಳಿಯಲು ಇನ್ನೊಂದು ಕಾರಣ ಬೆಳಗಿನ ಕೆಲಸ. ಬರುಬರುತ್ತಾ ನನಗೆ ಅದು ತುಂಬಾ ಇಷ್ಟವಾಗಿದೆ. ಎಕನಾಮೈಸರ್‌ನ ಹಿಂದೆ ಮುಂದಿನ ಹೊಗೆಯ ಒತ್ತಡದ ವ್ಯತ್ಯಾಸ ನೋಡಲು ಒಂದು ಯು ಟ್ಯೂಬ್ ಕಟ್ಟಿದ್ದೇವೆ. ಹಲಗೆ ಮೇಲೆ ಪಾರದರ್ಶಕ ಪೈಪ್, ಒಳಗೆ ಕೆಂಪು ಶಾಯಿ ಹಾಕಿದ ನೀರು, ಹಿಂದೆ ಗ್ರಾಫ್ ಹಾಳೆ. ಸ್ವಚ್ಛ ಇದ್ದಾಗ ಎರಡು ಕಡೆಯ ನೀರಿಗೆ 15 ಮಿಲಿಮೀಟರ್ ವ್ಯತ್ಯಾಸ. 30 ಆಯಿತೆಂದರೆ ಬೂದಿ ಕೂತಿದೆ, ಒಣ ಕಂಪ್ರೆಸರ್ ಗಾಳಿಯಲ್ಲಿ ಊದಬೇಕು. ಡ್ಯೂಟಿ ಬದಲಾಗುವಾಗ ಆಪರೇಟರ್ ಇದನ್ನೂ ಹೊಗೆ, ನೀರಿನ ಡಿಗ್ರಿಗಳನ್ನೂ ಪುಸ್ತಕಕ್ಕೆ ಬರೆಯುತ್ತಾರೆ. ಆಮೇಲೆ ನೀರಿನ ಗಡಸು ತೆಗೆಯುವ ಸಾಫ್ಟ್‌ನರ್‌ನಿಂದ ಬರುವ ನೀರಿನ ಟೆಸ್ಟ್. ಚಿಕ್ಕ ಬಾಟಲಿಗೆ ನೀರು, ಔಷಧಿ ಹಾಕಿ ಅಲ್ಲಾಡಿಸಿದರೆ ನೀಲಿ ಬರಬೇಕು. ಗುಲಾಬಿ ಛಾಯೆ ಕಂಡರೆ ಗಡಸು ನುಸುಳಿದೆ ಅಂತ ಅರ್ಥ, ಕೂಡಲೇ ಉಪ್ಪು ಹಾಕಿ ರೀಜನರೇಶನ್, ಅಂದರೆ ಸಾಫ್ಟ್‌ನರ್‌ಗೆ ಮತ್ತೆ ಶಕ್ತಿ ತುಂಬುವುದು. ನಮ್ಮ ಬೋರ್‌ವೆಲ್ ನೀರು ಬಹಳ ಗಡಸು. ಎಕನಾಮೈಸರ್ ಟ್ಯೂಬ್ ಒಳಗೆ ಸುಣ್ಣ ಕಟ್ಟಿದರೆ ಬ್ರಷ್ ಹಾಕಿ ತೆಗೆಯಲು ದಾರಿಯಿಲ್ಲ. ನೀರಿನಲ್ಲಿನ ಆಮ್ಲಜನಕ ಟ್ಯೂಬನ್ನು ಚುಕ್ಕೆ ಚುಕ್ಕೆಯಾಗಿ ತಿನ್ನದಿರಲಿ ಅಂತ ಫೀಡ್ ಟ್ಯಾಂಕ್‌ಗೆ ಸೋಡಿಯಂ ಸಲ್ಫೈಟ್ ಹಾಕುತ್ತೇವೆ.

ವರ್ಷದಲ್ಲಿ ಬಹುಪಾಲು ದಿನ ಬಾಯ್ಲರ್ ಉರಿಸುವ ಮಿಲ್ಲಾದರೆ ಧೈರ್ಯವಾಗಿ ಹಾಕಿಸಿ, ಪ್ಲೇನ್ ಟ್ಯೂಬ್‌ದೇ. ಒಂದೇ ಬೆಳೆಗೆ ಮಾತ್ರ ಓಡಿಸುವವರು ಮೊದಲು ಕಂಡೆನ್ಸೇಟ್ ಪೈಪ್‌ಗೆ ಇನ್ಸುಲೇಷನ್ ಸುತ್ತಿಸಿ, ಅದಕ್ಕೆ ದುಡ್ಡು ಕಡಿಮೆ ಸಾಕು.

ಉಳಿದಿರುವ ಒಂದೇ ಕೊರತೆ ಕ್ಲೀನಿಂಗ್ ಬಾಗಿಲು. ಅದನ್ನು ಗೋಡೆ ಕಡೆಗೆ ಇಟ್ಟಿದ್ದಾರೆ, ಗಾಳಿಯ ಪೈಪ್ ಹಿಡಿದು ಬಗ್ಗಿ ನಿಲ್ಲಲೂ ಜಾಗವಿಲ್ಲ. ಕೆಳಗಿನ ಸಾಲುಗಳಿಗೆ ಗಾಳಿ ಸರಿಯಾಗಿ ತಲುಪುವುದಿಲ್ಲ. ವಾರ್ಷಿಕ ತಪಾಸಣೆಗೆ ಬಾಯ್ಲರ್ ತಣ್ಣಗಾದಾಗ ಎದುರು ಬದಿಯ ಕೇಸಿಂಗ್ ಕತ್ತರಿಸಿ ಇನ್ನೊಂದು ಬಾಗಿಲು ಇಡಿಸುತ್ತಿದ್ದೇವೆ. ಅದು ಹೊಗೆ ಹಾಯುವ ತಗಡು ಅಷ್ಟೆ, ಪ್ರೆಶರ್ ಇರುವ ಭಾಗಕ್ಕೆ ಕೈ ಹಚ್ಚುವ ಕೆಲಸ ಇಲ್ಲ.