ಕಂಪ್ಯೂಟರಿನಿಂದ ಮೊಬೈಲಿಗೆ ಕರೆ: ಅತ್ತ ಫೋನ್ ಎತ್ತುವ ಮೊದಲೇ ಮೀಟರ್ ಓಡಿದ ಕತೆ

ಇಂಟರ್ನೆಟ್ ಮೂಲಕ ಕಂಪ್ಯೂಟರಿನಿಂದ ಮೊಬೈಲಿಗೆ ಕರೆ ಮಾಡಿಸುವ ಒಂದು ಆ್ಯಪ್‌ನಿಂದ ಒಂದೇ ಸಂಜೆ, ಒಂದೇ ನಂಬರಿಗೆ ಎಂಟು ಕರೆ. ಖಾತೆಗೆ ತುಂಬಿಸಿದ್ದ 100 ಯೂನಿಟ್‌ನಲ್ಲಿ 56 ಖಾಲಿ. ಮಾತು ನಡೆದದ್ದು ಆರರಲ್ಲಿ ಮಾತ್ರ, ಅದೂ ಒಟ್ಟು ಮೂರೇಕಾಲು ನಿಮಿಷಕ್ಕೂ ಕಡಿಮೆ. ಕಂಪನಿಯ ಹೆಸರು ಇಲ್ಲಿ ಬೇಡ, ಇದೇ ಧಾಟಿಯವು ಬೇಕಾದಷ್ಟಿವೆ. ಕರೆ ಪಟ್ಟಿಯನ್ನಷ್ಟೇ ನೋಡಿ:

18:02 – 18 ಸೆಕೆಂಡ್
18:04 – 24 ಸೆಕೆಂಡ್
18:11 – 32 ಸೆಕೆಂಡ್
18:12 – 32 ಸೆಕೆಂಡ್
18:13 – 32 ಸೆಕೆಂಡ್
18:15 – 32 ಸೆಕೆಂಡ್
18:16 – 32 ಸೆಕೆಂಡ್
18:18 – 32 ಸೆಕೆಂಡ್

ಜಾಹೀರಾತಿನಲ್ಲಿದ್ದ ದರ ನಿಮಿಷಕ್ಕೆ 4 ಯೂನಿಟ್. ದರಪಟ್ಟಿಯ ತಳದಲ್ಲಿ ಸಣ್ಣಕ್ಷರದ ಎರಡು ಸಾಲು ಬೇರೆ ಇದ್ದವು: ಪ್ರತಿ ಕರೆಗೆ 3 ಯೂನಿಟ್ ಕನೆಕ್ಷನ್ ಚಾರ್ಜ್, ಮತ್ತು 60 ಸೆಕೆಂಡಿಗೆ ಒಂದು ಪಲ್ಸ್. ಅಂದರೆ ಒಂದು ಸೆಕೆಂಡ್ ಮಾತಾಡಿದರೂ ಇಡೀ ನಿಮಿಷದ ದುಡ್ಡು. ಹೀಗೆ ಕರೆಗೆ 7ರಂತೆ ಎಂಟು ಕರೆಗೆ 56. ಅದೇ ನಾಲ್ಕು ನಿಮಿಷ ಕಟ್ ಆಗದೆ ಮಾತಾಡಿದ್ದರೆ 19 ಯೂನಿಟ್‌ಗೆ ಮುಗಿಯುತ್ತಿತ್ತು. ಕರೆ ಕಟ್ ಆದಷ್ಟೂ ಕಂಪನಿಗೆ ಲಾಭ. ಈ ಲೆಕ್ಕ ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಮೊದಲ ಎರಡು ಕರೆಗಳಿಂದ ಶುರು ಮಾಡೋಣ. ಆ ಹೊತ್ತಿಗೆ ಅತ್ತ ಕಡೆಯ ಫೋನ್ ಸ್ವಿಚ್ ಆಫ್ ಆಗಿತ್ತು. ಆದರೂ ಹೆಡ್‌ಸೆಟ್‌ನಲ್ಲಿ ನೀಟಾಗಿ ರಿಂಗ್ ಕೇಳಿಸಿತು, ಪರದೆಯ ಮೇಲೆ ಸೆಕೆಂಡುಗಳು ಎಣಿಸತೊಡಗಿದವು. ಇದು ಈ ವ್ಯಾಪಾರದ ಹಳೆಯ ಮೋಸ. ಕಂಪ್ಯೂಟರಿನಿಂದ ಹೊರಟ ಕರೆ ನೇರವಾಗಿ ಮೊಬೈಲ್ ಕಂಪನಿಗೆ ಹೋಗುವುದಿಲ್ಲ. ಒಬ್ಬ ಸಗಟು ವ್ಯಾಪಾರಿ ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ದಾಟಿಸುತ್ತ ಹೋಗುತ್ತಾರೆ. ಸರಪಳಿಯ ನಡುವೆ ಯಾರೋ ಒಬ್ಬ, ಅತ್ತ ಫೋನ್ ಎತ್ತುವ ಮೊದಲೇ ‘ಎತ್ತಿದರು’ ಎಂಬ ಸಂಕೇತ ಹಿಂದಕ್ಕೆ ಕಳಿಸಿ, ರೆಕಾರ್ಡ್ ಮಾಡಿಟ್ಟ ರಿಂಗ್ ಸದ್ದನ್ನು ಕೇಳಿಸುತ್ತಾನೆ. ಆ ಸಂಕೇತ ಬಂದ ಕ್ಷಣದಿಂದ ಮೀಟರ್ ಓಡುತ್ತದೆ. ಆ್ಯಪ್ ಮಾರಿದ ಕಂಪನಿಗೆ ಇದು ಗೊತ್ತಿಲ್ಲದೆಯೂ ಇರಬಹುದು, ಆದರೆ ಅತಿ ಅಗ್ಗದ ದಾರಿಯನ್ನು ಆರಿಸಿಕೊಂಡದ್ದು ಅದೇ.

ಇದನ್ನು ಹಿಡಿಯುವುದು ಕಷ್ಟವಲ್ಲ. ಸಾಧ್ಯವಿರುವ ಅತಿ ಚಿಕ್ಕ ಮೊತ್ತ ತುಂಬಿಸಿ. ನಿಮ್ಮದೇ ಮೊಬೈಲಿನಲ್ಲಿ ವಾಯ್ಸ್‌ಮೇಲ್, ಕಾಲ್ ಫಾರ್ವರ್ಡಿಂಗ್ ಎರಡನ್ನೂ ತೆಗೆದು ಫೋನ್ ಆಫ್ ಮಾಡಿ. ವಾಯ್ಸ್‌ಮೇಲ್ ಇದ್ದರೆ ಅದು ಕರೆ ಎತ್ತಿದ ಲೆಕ್ಕಕ್ಕೇ ಬರುತ್ತದೆ, ಆಗ ದುಡ್ಡು ಕಡಿತವಾಗುವುದು ನ್ಯಾಯವೇ. ಈಗ ಕಂಪ್ಯೂಟರಿನಿಂದ ಆ ನಂಬರಿಗೆ ಕರೆ ಮಾಡಿ 20 ಸೆಕೆಂಡ್ ಕಾದು ಕಟ್ ಮಾಡಿ. ಬ್ಯಾಲೆನ್ಸ್ ಒಂದು ಯೂನಿಟ್ ಇಳಿದರೂ ಆ ಸೇವೆಯನ್ನು ಅಲ್ಲಿಗೇ ಬಿಡಿ. ಇಳಿಯದಿದ್ದರೆ ಫೋನ್ ಆನ್ ಮಾಡಿ ಇನ್ನೊಂದು ಪರೀಕ್ಷೆ: 15 ಸೆಕೆಂಡ್ ರಿಂಗ್ ಆಗಲು ಬಿಟ್ಟು ಎತ್ತಿ, 10 ಸೆಕೆಂಡ್ ಆದ ಮೇಲೆ ಕಟ್ ಮಾಡಿ. ಪಟ್ಟಿಯಲ್ಲಿ 10 ಅಥವಾ 11 ಇರಬೇಕು. 25 ಇದ್ದರೆ ರಿಂಗ್ ಆದ ಹೊತ್ತಿಗೂ ಬಿಲ್ ಬೀಳುತ್ತಿದೆ. ದಾರಿ ದಿನದಿಂದ ದಿನಕ್ಕೆ ಬದಲಾಗುವುದರಿಂದ ಈ ಪರೀಕ್ಷೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಎರಡು ಮೂರು ಸಲ ಮಾಡಿ.

ಇನ್ನು ಆರು ಸಲ ಬಂದ ಆ 32. ನೆಟ್ ಸರಿಯಿಲ್ಲದೆ ಕರೆ ಕಟ್ ಆದರೆ ಒಮ್ಮೆ 12ಕ್ಕೆ, ಒಮ್ಮೆ 50ಕ್ಕೆ, ಒಮ್ಮೆ ಮೂರು ನಿಮಿಷಕ್ಕೆ ಆಗುತ್ತದೆ. ಪ್ರತಿ ಸಲ ಗಡಿಯಾರ ಇಟ್ಟಂತೆ 32ಕ್ಕೇ ಕಟ್ ಆದರೆ ಕಾರಣ ಬೇರೆ. ಇಂಥ ಕರೆಗಳು ಬಹುಪಾಲು ಸಿಪ್ (SIP) ಎಂಬ ಪ್ರೋಟೊಕಾಲ್, ಅಂದರೆ ಕರೆ ಜೋಡಿಸುವ, ಮುಗಿಸುವ ಸಂದೇಶಗಳ ನಿಯಮದ ಮೇಲೆ ನಡೆಯುತ್ತವೆ. ಈಗ ಚಾಲ್ತಿಯಲ್ಲಿರುವ ಅದರ ಮೂಲ ನಿಯಮಾವಳಿ 2002ರದು. ಅತ್ತ ಫೋನ್ ಎತ್ತಿದ ಕೂಡಲೇ ಸರ್ವರ್ ‘ಎತ್ತಿದರು’ ಎಂದು ಕಂಪ್ಯೂಟರಿಗೆ ತಿಳಿಸುತ್ತದೆ, ಕಂಪ್ಯೂಟರ್ ‘ಗೊತ್ತಾಯಿತು’ ಎಂದು ಮಾರುತ್ತರ ಕೊಡಬೇಕು. ಮಾರುತ್ತರ ಮುಟ್ಟದಿದ್ದರೆ ಸರ್ವರ್ ಅರ್ಧ, ಒಂದು, ಎರಡು, ನಾಲ್ಕು ಸೆಕೆಂಡ್ ಅಂತರದಲ್ಲಿ ಅದನ್ನೇ ಮತ್ತೆ ಮತ್ತೆ ಕಳಿಸುತ್ತದೆ. ಅರ್ಧ ಸೆಕೆಂಡಿನ 64 ಪಟ್ಟು, ಅಂದರೆ 32 ಸೆಕೆಂಡ್ ಕಾದು ಕರೆಯನ್ನು ತಾನೇ ಮುಗಿಸುತ್ತದೆ. ಧ್ವನಿ ಬೇರೆ ದಾರಿಯಲ್ಲಿ ಹೋಗುವುದರಿಂದ ಅಷ್ಟು ಹೊತ್ತೂ ಮಾತು ಸ್ಪಷ್ಟವಾಗಿಯೇ ಕೇಳುತ್ತಿರುತ್ತದೆ. ಹಾಗಾಗಿ ಜನ ನೆಟ್ ಕಂಪನಿಗೆ ಬೈಯುತ್ತ ಮತ್ತೆ ಮತ್ತೆ ಡಯಲ್ ಮಾಡುತ್ತಾರೆ, ಪ್ರತಿ ಸಲವೂ 7 ಯೂನಿಟ್ ಹೋಗುತ್ತದೆ.

ಮಾರುತ್ತರವನ್ನು ದಾರಿ ತಪ್ಪಿಸುವುದು ಹೆಚ್ಚಾಗಿ ಮನೆಯ ರೂಟರ್‌ನಲ್ಲಿರುವ ಸಿಪ್ ಎಎಲ್‌ಜಿ (SIP ALG) ಎಂಬ ಸೌಲಭ್ಯ. ಕರೆ ಸಂದೇಶಗಳೊಳಗಿನ ವಿಳಾಸಗಳನ್ನು ತಿದ್ದಿ ಉಪಕಾರ ಮಾಡಬೇಕಾದ ಇದು, ಅರೆಬರೆ ತಿದ್ದಿ ಕೆಲಸ ಕೆಡಿಸುವುದೇ ಜಾಸ್ತಿ. ಮೊದಲು ಕಂಪ್ಯೂಟರನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ಒಂದು ಕರೆ ಮಾಡಿ ನೋಡಿ. ಅಲ್ಲಿ 32 ದಾಟಿದರೆ ತಪ್ಪು ರೂಟರ್‌ನದೇ. ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಹೊಡೆದು ರೂಟರ್‌ನ ಪುಟಕ್ಕೆ ಹೋಗಿ. ಅಡ್ವಾನ್ಸ್ಡ್, ನ್ಯಾಟ್ (NAT) ಅಥವಾ ಫೈರ್‌ವಾಲ್ ವಿಭಾಗದಲ್ಲಿ ಸಿಪ್ ಎಎಲ್‌ಜಿ ಇರುತ್ತದೆ; ಕೆಲವು ರೂಟರ್‌ಗಳಲ್ಲಿ ಸಿಪ್ ಹೆಲ್ಪರ್ ಎಂದಿರುತ್ತದೆ. ಅದನ್ನು ಆಫ್ ಮಾಡಿ, ರೂಟರ್ ರೀಸ್ಟಾರ್ಟ್ ಮಾಡಿ, ಆ್ಯಪನ್ನೂ ಪೂರ್ತಿ ಮುಚ್ಚಿ ತೆರೆಯಿರಿ. ಆ ಆಯ್ಕೆಯೇ ಕಾಣದಿದ್ದರೆ ಆ್ಯಪ್‌ನ ಸೆಟಿಂಗ್ಸ್‌ನಲ್ಲಿ ಟ್ರಾನ್ಸ್‌ಪೋರ್ಟನ್ನು ಸಂದೇಶವನ್ನು ಬಯಲಾಗಿ ಕಳಿಸುವ ಯುಡಿಪಿಯಿಂದ (UDP) ಗೂಢಲಿಪಿಯ ಟಿಎಲ್‌ಎಸ್‌ಗೆ (TLS), ಪೋರ್ಟನ್ನು 5060ರಿಂದ 5061ಕ್ಕೆ ಬದಲಿಸಿ. ಸಂದೇಶ ಗೂಢಲಿಪಿಯಲ್ಲಿ ಹೋದರೆ ರೂಟರ್‌ಗೆ ಓದಲೂ ಆಗದು, ತಿದ್ದಲೂ ಆಗದು. ಬ್ರೌಸರಿನಲ್ಲೇ ಕರೆ ಮಾಡಿಸುವ ಸೇವೆಗಳಿಗೆ ಸಾಮಾನ್ಯವಾಗಿ ಈ ಕಾಟವಿಲ್ಲ. ಅವಕ್ಕೆ ಯುಡಿಪಿ ತಡೆಯುವ ಆಫೀಸಿನ ಫೈರ್‌ವಾಲೇ ಶತ್ರು.

ಇದರ ಜತೆಗೇ ಕಾಣುವ ಇನ್ನೊಂದು ರೋಗ: ನಿಮ್ಮ ಮಾತು ಅವರಿಗೆ ಕೇಳುತ್ತದೆ, ಅವರದು ನಿಮಗಿಲ್ಲ. ನಿಮ್ಮ ಕಂಪ್ಯೂಟರ್ ‘ಧ್ವನಿಯನ್ನು 192.168ರಿಂದ ಶುರುವಾಗುವ ಈ ವಿಳಾಸಕ್ಕೆ ಕಳಿಸಿ’ ಎಂದು ಮನೆಯೊಳಗಿನ ವಿಳಾಸ ಕೊಟ್ಟಿದೆ. ಹೊರಗಿನ ಸರ್ವರಿಗೆ ಅದು ಎಲ್ಲಿ ಗೊತ್ತಾಗಬೇಕು? ಆ್ಯಪ್‌ನಲ್ಲಿ ನಿಮ್ಮ ಹೊರಗಿನ ವಿಳಾಸವನ್ನು ತಿಳಿಸಿಕೊಡುವ ಸ್ಟನ್ (STUN) ಸರ್ವರ್ ಹಾಕಿದರೆ, ಅಥವಾ ಧ್ವನಿಗೆ ಸರಿಯಾದ ದಾರಿ ಹುಡುಕುವ ಐಸ್ (ICE) ಆನ್ ಮಾಡಿದರೆ ಸರಿಹೋಗುತ್ತದೆ. ಸರಿಯಾಗಿ 15 ನಿಮಿಷಕ್ಕೆ ಕಟ್ ಆಗುತ್ತಿದ್ದರೆ ಸೆಷನ್ ಟೈಮರ್ ನೋಡಿ: ಸಾಮಾನ್ಯ ಅವಧಿ 1800 ಸೆಕೆಂಡ್, ಅರ್ಧಕ್ಕೆ, ಅಂದರೆ 900ಕ್ಕೆ ನವೀಕರಣ ಸಂದೇಶ ಹೋಗುತ್ತದೆ, ಅದು ವಿಫಲವಾದರೆ ಕರೆ ಬೀಳುತ್ತದೆ. ಬ್ಯಾಂಕಿನ ಯಂತ್ರದ ದನಿ ‘1 ಒತ್ತಿ’ ಎಂದಾಗ ಒತ್ತಿದ್ದು ಅದಕ್ಕೆ ತಿಳಿಯದಿದ್ದರೆ ಒತ್ತಿದ ಅಂಕಿಯನ್ನು ಅತ್ತ ಮುಟ್ಟಿಸುವ ಡಿಟಿಎಂಎಫ್ (DTMF) ಆಯ್ಕೆಯನ್ನು ಇನ್‌ಬ್ಯಾಂಡ್‌ನಿಂದ ಆರ್‌ಎಫ್‌ಸಿ 4733ಕ್ಕೆ ಬದಲಿಸಿ. ಕೆಲವು ಆ್ಯಪ್‌ಗಳಲ್ಲಿ ಅದರ ಹಳೆಯ ಸಂಖ್ಯೆ 2833 ಎಂದೇ ಇರುತ್ತದೆ.

ದರಪಟ್ಟಿಯ ಬಗ್ಗೆ. ‘ಅನ್‌ಲಿಮಿಟೆಡ್’ ಎಂದಿದ್ದರೆ ಅದು ಲ್ಯಾಂಡ್‌ಲೈನಿಗೋ ಮೊಬೈಲಿಗೋ ಎಂಬುದನ್ನು ಮೊದಲು ನೋಡಿ. ಹಲವು ದೇಶಗಳಲ್ಲಿ ಮೊಬೈಲ್ ಕಂಪನಿ ತನ್ನ ಜಾಲಕ್ಕೆ ಬರುವ ಕರೆಗೆ ಲ್ಯಾಂಡ್‌ಲೈನಿಗಿಂತ ಹೆಚ್ಚು ಶುಲ್ಕ ಪಡೆಯುತ್ತದೆ, ಆದ್ದರಿಂದ ಒಂದೇ ದೇಶಕ್ಕೆ ಎರಡು ದರ ಇರುವುದು ಮಾಮೂಲು. +1 ಕಂಡರೆ ಅಮೆರಿಕ ಅಥವಾ ಕೆನಡಾ ಎಂದು ತೀರ್ಮಾನಿಸಬೇಡಿ. ಆ ಒಂದೇ ಸಂಖ್ಯೆಯಡಿ 20ಕ್ಕೂ ಹೆಚ್ಚು ದೇಶ, ಪ್ರದೇಶಗಳಿವೆ. 876 ಜಮೈಕಾ, 809 ಡೊಮಿನಿಕನ್ ಗಣರಾಜ್ಯ, 473 ಗ್ರೆನಾಡಾ. ದರ ಹಲವು ಪಟ್ಟು ಹೆಚ್ಚಿರಬಹುದು. +870, +881 ಉಪಗ್ರಹ ಫೋನ್‌ಗಳು, ಅವುಗಳ ತಂಟೆಗೇ ಹೋಗಬೇಡಿ. ನಂಬರನ್ನು ಪ್ಲಸ್ ಗುರುತು, ದೇಶದ ಕೋಡ್, ಆಮೇಲೆ ಮುಂದಿನ ಸೊನ್ನೆ ತೆಗೆದ ಮೊಬೈಲ್ ನಂಬರ್, ಈ ಕ್ರಮದಲ್ಲೇ ಹೊಡೆಯಿರಿ. ಒಟ್ಟು 15 ಅಂಕಿ ಮೀರಿದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಅತ್ತ ಕಡೆಯವರ ಪರದೆಯ ಮೇಲೆ ಯಾವ ನಂಬರ್ ಕಾಣುತ್ತದೆ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ಬೇರೆ ದೇಶದಿಂದ ಮಾಡಿದ ಕರೆ ಅವರ ಊರಿನದೇ ಯಾವುದೋ ಗುರುತಿಲ್ಲದ ಮೊಬೈಲ್ ನಂಬರಿನಿಂದ, ಪ್ರತಿ ಸಲ ಬೇರೆ ಬೇರೆ ನಂಬರಿನಿಂದ ಬರುತ್ತಿದ್ದರೆ ನಡುವೆ ಸಿಮ್ ಬಾಕ್ಸ್ ಇದೆ. ಹತ್ತಾರು ಸಿಮ್ ತುಂಬಿದ ಪೆಟ್ಟಿಗೆಯೊಂದು ಅಂತರರಾಷ್ಟ್ರೀಯ ಕರೆಯನ್ನು ಸ್ಥಳೀಯ ಕರೆಯಾಗಿ ಮಾರ್ಪಡಿಸುತ್ತಿರುತ್ತದೆ. ಬಹಳ ದೇಶಗಳಲ್ಲಿ ಇದು ಕಾನೂನುಬಾಹಿರ. ಮಾತು ಒಡೆದು ಕೇಳುವುದು, ಆ ನಂಬರಿಗೆ ವಾಪಸ್ ಮಾಡಿದರೆ ಹತ್ತದಿರುವುದು ಇದರ ಲಕ್ಷಣ. ನಿಮ್ಮದೇ ನಂಬರ್ ಕಾಣಿಸಬೇಕೆಂದರೆ ಸೇವೆಯವರು ಒಟಿಪಿ ಕಳಿಸಿ ಖಚಿತಪಡಿಸಿಕೊಳ್ಳುತ್ತಾರೆ, ಅದು ಸರಿ. ಆದರೆ ಎಸ್ಸೆಮ್ಮೆಸ್‌ನಲ್ಲಿ ಯಾರ ಹೆಸರಿದೆ ಎಂದು ಪೂರ್ತಿ ಓದಿ. ‘ಉಚಿತ ಕರೆ’ ಕೊಡುವ ತಾಣ ಕೇಳಿದ ಕೋಡ್ ವಾಟ್ಸ್ಯಾಪ್‌ನದೋ ಗೂಗಲ್ ವಾಯ್ಸ್‌ನದೋ ಆಗಿದ್ದರೆ, ನಿಮ್ಮ ನಂಬರ್ ಇಟ್ಟುಕೊಂಡು ಯಾರೋ ಖಾತೆ ತೆರೆಯುತ್ತಿದ್ದಾರೆ.

ಧ್ವನಿ ಕೆಟ್ಟರೆ ನೆಟ್ ಪ್ಲಾನ್ ದೊಡ್ಡದು ಮಾಡಿಸಲು ಓಡಬೇಡಿ. ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸುವ ವಿಧಾನಗಳಲ್ಲಿ (ಕೋಡೆಕ್) ಹಳೆಯದಾದ ಜಿ.711ರಲ್ಲೂ ಒಂದು ಕರೆಗೆ ಒಂದೊಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 90 ಕಿಲೊಬಿಟ್ ಸಾಕು. ಕಾಟ ಕೊಡುವುದು ಹಿನ್ನೆಲೆಯಲ್ಲಿ ನಡೆಯುವ ಫೋಟೊ ಅಪ್‌ಲೋಡ್ ಮತ್ತು ವೈಫೈ. ಅಪ್‌ಲೋಡ್ ನಿಲ್ಲಿಸಿ, ಸಾಧ್ಯವಾದರೆ ಕೇಬಲ್ ಹಾಕಿ. ಬ್ಲೂಟೂತ್ ಹೆಡ್‌ಸೆಟ್ ಮೈಕ್ ಆನ್ ಆದ ಕೂಡಲೇ ಸಾಮಾನ್ಯವಾಗಿ ಕೀಳು ಗುಣಮಟ್ಟದ ಮೋಡ್‌ಗೆ ಇಳಿಯುತ್ತದೆ. ಸಾದಾ ತಂತಿಯ ಹೆಡ್‌ಸೆಟ್ಟೇ ವಾಸಿ.

ದೊಡ್ಡ ನಷ್ಟ ಆಗುವುದು ಮಾತ್ರ ಬೇರೆ ಕಡೆ. ಆಸ್ಟೆರಿಸ್ಕ್‌ನಂಥ ಸಾಫ್ಟ್‌ವೇರ್ ಹಾಕಿ ಸ್ವಂತ ಟೆಲಿಫೋನ್ ಎಕ್ಸ್‌ಚೇಂಜ್ ನಡೆಸುವವರು 5060 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟು, ಎಕ್ಸ್‌ಟೆನ್ಷನ್ 100ಕ್ಕೆ ಪಾಸ್‌ವರ್ಡ್ ಕೂಡ 100 ಎಂದೇ ಇಟ್ಟಿರುತ್ತಾರೆ. ಇಂಥದನ್ನೇ ಹುಡುಕುತ್ತ ದಿನವಿಡೀ ಸ್ಕ್ಯಾನ್ ಮಾಡುವ ಬಾಟ್‌ಗಳಿವೆ. ಒಳಹೊಕ್ಕವರು ರಾತ್ರಿಯೋ ರಜೆಯ ದಿನವೋ ನೋಡಿಕೊಂಡು ದುಬಾರಿ ಪ್ರೀಮಿಯಂ ನಂಬರುಗಳಿಗೆ ಸಾಲುಸಾಲಾಗಿ ಕರೆ ಹರಿಸುತ್ತಾರೆ, ಆ ಕರೆಯ ಆದಾಯದಲ್ಲಿ ಅವರಿಗೆ ಪಾಲಿರುತ್ತದೆ. ಆಟೊ ರೀಚಾರ್ಜ್ ಆನ್ ಇದ್ದರೆ ಬ್ಯಾಲೆನ್ಸ್ ಮುಗಿದಂತೆಲ್ಲ ಕಾರ್ಡ್‌ನಿಂದ ಮತ್ತೆ ತುಂಬುತ್ತದೆ, ಬೆಳಗಾಗುವವರೆಗೆ ಯಾರಿಗೂ ಗೊತ್ತೇ ಆಗುವುದಿಲ್ಲ. ಆದ್ದರಿಂದ ಆಟೊ ರೀಚಾರ್ಜ್ ಆಫ್. ದಿನದ ಖರ್ಚಿಗೆ ಮಿತಿ. ಕರೆ ಮಾಡದ ದೇಶಗಳೆಲ್ಲ ಬ್ಲಾಕ್. ಪಾಸ್‌ವರ್ಡ್ ಕನಿಷ್ಠ 16 ಅಕ್ಷರ, ಪೋರ್ಟ್ ನಿಮ್ಮ ಸೇವೆಯವರ ಐಪಿಗೆ ಮಾತ್ರ ತೆರೆದಿರಲಿ.

ಬ್ಯಾಲೆನ್ಸ್ ಗುಡ್ಡೆ ಹಾಕಿಡುವುದೂ ಜಾಣತನವಲ್ಲ. ಇಷ್ಟು ದಿನ ಕರೆ ಮಾಡದಿದ್ದರೆ ಬ್ಯಾಲೆನ್ಸ್ ನಿಷ್ಕ್ರಿಯ ಎಂಬ ಷರತ್ತು ಸಾಮಾನ್ಯ; ಸ್ಕೈಪ್‌ನಲ್ಲಿ ಅದು 180 ದಿನ ಇತ್ತು. 2003ರಲ್ಲಿ ಬಂದು ಇಡೀ ಜಗತ್ತಿಗೆ ಕಂಪ್ಯೂಟರಿನಿಂದ ಕರೆ ಮಾಡುವ ರೂಢಿ ಹತ್ತಿಸಿದ ಆ ಸ್ಕೈಪೇ 2025ರ ಮೇ 5ಕ್ಕೆ ಬಾಗಿಲು ಹಾಕಿತು. ಚಿಕ್ಕ ಕಂಪನಿಗಳು ಹೇಳದೆ ಕೇಳದೆ ಹೋಗುತ್ತವೆ.

ಮೊಬೈಲ್ ಪಕ್ಕದಲ್ಲೇ ಇದ್ದು, ಕಂಪ್ಯೂಟರಿನ ಮೈಕ್‌ನಲ್ಲಿ ಮಾತಾಡುವುದಷ್ಟೇ ಬೇಕಿದ್ದರೆ ಇಷ್ಟೆಲ್ಲ ರಗಳೆ ಯಾಕೆ? ವಿಂಡೋಸ್‌ನ ಫೋನ್ ಲಿಂಕ್ ಬ್ಲೂಟೂತ್ ಮೂಲಕ, ಮ್ಯಾಕ್‌ನ ಫೇಸ್‌ಟೈಮ್ ಐಫೋನ್ ಮೂಲಕ, ನಿಮ್ಮದೇ ಸಿಮ್‌ನಿಂದ ಕರೆ ಮಾಡಿಸುತ್ತವೆ. ದರ ಸಿಮ್ ಪ್ಲಾನಿನದು, ಕಾಣುವ ನಂಬರ್ ನಿಮ್ಮದೇ. ತುರ್ತು ಕರೆಗಂತೂ ಮೊಬೈಲನ್ನೇ ಕೈಗೆತ್ತಿಕೊಳ್ಳಿ. 112ರಂಥ ನಂಬರುಗಳನ್ನು ಕಂಪ್ಯೂಟರ್ ಆ್ಯಪ್‌ಗಳು ಹಲವೆಡೆ ಜೋಡಿಸುವುದೇ ಇಲ್ಲ, ಜೋಡಿಸಿದರೂ ನೀವು ಎಲ್ಲಿದ್ದೀರಿ ಎಂಬುದು ಅತ್ತ ಸರಿಯಾಗಿ ತಿಳಿಯದೆ ಹೋಗಬಹುದು.

ದುಡ್ಡು ಹೋಗಿದ್ದರೆ ‘ಕರೆ ಸರಿ ಇಲ್ಲ’ ಎಂದು ಒಂದು ಸಾಲು ಬರೆದು ಫಲವಿಲ್ಲ. ದಿನಾಂಕ, ಟೈಮ್‌ಝೋನ್ ಸಮೇತ ಹೊತ್ತು, ದೇಶದ ಕೋಡ್ ಸಹಿತ ಪೂರ್ತಿ ನಂಬರ್, ಬಿಲ್ ಆದ ಸೆಕೆಂಡು, ಇಷ್ಟನ್ನು ಕರೆಗೊಂದರಂತೆ ಬರೆಯಿರಿ. ಅತ್ತ ಕಡೆಯ ಫೋನಿನ ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ಜತೆಗಿಡಿ. ಬಿಲ್ ಬಿದ್ದ ಹೊತ್ತಿನಲ್ಲಿ ಅದರಲ್ಲಿ ಸ್ವೀಕರಿಸಿದ ಕರೆಯೇ ಇಲ್ಲದಿರುವುದು ನಿಮ್ಮ ಸಾಕ್ಷಿ. ಆ ಎಂಟರಲ್ಲಿ 18:02 ಮತ್ತು 18:04ರ ಎರಡಕ್ಕೆ, ಅಂದರೆ 14 ಯೂನಿಟ್‌ಗೆ ಹೀಗೆ ವಾದಿಸಬಹುದು. ಉಳಿದ 42ಕ್ಕೆ ಕಂಪನಿ ನಿಮ್ಮ ರೂಟರ್ ಕಡೆ ಬೆರಳು ತೋರಿಸುತ್ತದೆ, ಆ ಮಾತನ್ನು ಅಲ್ಲಗಳೆಯುವುದು ಕಷ್ಟ.