ದೊಡ್ಡ ರೈಲು ಲೇಔಟ್‌ಗೆ ಹುಲ್ಲು ನೆಡುವ ಯಂತ್ರ: ಹಲವು ವರ್ಷಗಳ ಬಳಕೆಯ ನಂತರ

ಮಾದರಿ ರೈಲು ಲೇಔಟ್, ಅಂದರೆ ಪುಟ್ಟ ರೈಲು ಓಡುವ ಹಳಿ, ಗುಡ್ಡ, ಬಯಲುಗಳ ಪ್ರತಿರೂಪ ಕಟ್ಟುವವರು ಸ್ಟ್ಯಾಟಿಕ್ ಗ್ರಾಸ್ ಯಂತ್ರ, ಅಂದರೆ ಸ್ಥಿರ ವಿದ್ಯುತ್ತಿನಿಂದ ಕೃತಕ ಹುಲ್ಲನ್ನು ನೆಟ್ಟಗೆ ನಿಲ್ಲಿಸುವ ಯಂತ್ರ ಕೊಳ್ಳಬೇಕೇ ಬೇಡವೇ ಎಂಬ ಚರ್ಚೆ ಮುಗಿದು ಬಹಳ ಕಾಲವಾಯಿತು. ಯಾವುದನ್ನು ಕೊಳ್ಳಬೇಕು, ಕೊಂಡ ಮೇಲೆ ಅದರ ಸ್ವಿಚ್ಚಿನಿಂದ ಬೆರಳನ್ನು ಯಾವಾಗ ತೆಗೆಯಬೇಕು ಎಂಬುದಷ್ಟೇ ಉಳಿದಿದೆ. ಎರಡನೆಯದೇ ಹೆಚ್ಚು ಕಷ್ಟ.

ನನ್ನ ಬಳಿ ಇರುವುದು 9 ವೋಲ್ಟ್ ಬ್ಯಾಟರಿಯಿಂದ ನಡೆಯುವ, 15 ಕಿಲೋವೋಲ್ಟ್ ವರ್ಗದ ಕೈಯಂತ್ರ. ಕೋಣೆಯ ಗೋಡೆಗುಂಟ ಸುತ್ತಿಬರುವ ಎಚ್‌ಒ ಅಳತೆಯ, ಅಂದರೆ 1:87 ಪ್ರಮಾಣದ ಲೇಔಟ್‌ನ ನೆಲವನ್ನೆಲ್ಲ ಇದರಿಂದಲೇ ಹಸಿರು ಮಾಡಿದ್ದೇನೆ. ಅದಕ್ಕೆ ಮೊದಲು ಬಳಸುತ್ತಿದ್ದುದು ಬಣ್ಣ ಹಾಕಿದ ಮರದ ಪುಡಿ ಮತ್ತು ಸ್ಪಂಜಿನ ಚೂರು. ಅವುಗಳಲ್ಲಿ ಬಣ್ಣವಿತ್ತು, ಎತ್ತರವಿರಲಿಲ್ಲ. ಅಂಗೈಯಗಲದ ಪ್ರದರ್ಶನ ಫಲಕಕ್ಕೆ ಯಾವ ಯಂತ್ರವಾದರೂ ನಡೆದೀತು. ಕೈ ಚಾಚಿದರೂ ಹಿಂದಿನ ಅಂಚು ಸಿಗದಷ್ಟು ಅಗಲದ ಲೇಔಟ್‌ನಲ್ಲಿ ಮಾತ್ರ ಅದರ ನಿಜವಾದ ಗುಣಾವಗುಣ ಹೊರಬೀಳುತ್ತದೆ.

ಒಳಗಿನ ಕೆಲಸ ಸರಳ. ನೈಲಾನಿನ ಸಣ್ಣ ಎಳೆಗಳನ್ನು ಲೋಹದ ಜರಡಿಯಿರುವ ಡಬ್ಬಿಗೆ ತುಂಬುತ್ತೇವೆ. ಜರಡಿಗೆ ವಿದ್ಯುತ್ತಿನ ಒಂದು ಧ್ರುವ. ಹಸಿ ಅಂಟಿಗೆ ಚುಚ್ಚಿದ ಅರ್ತ್ ತಂತಿಗೆ ಇನ್ನೊಂದು. ಡಬ್ಬಿಯನ್ನು ಅಲುಗಿಸಿದಾಗ ಜರಡಿಯ ಕಣ್ಣಿನಿಂದ ಇಳಿಯುವ ಎಳೆ ಅಲ್ಲಿಯೇ ವಿದ್ಯುದಾವೇಶ ಪಡೆದು, ವಿದ್ಯುತ್ ಕ್ಷೇತ್ರದ ದಿಕ್ಕಿಗೆ ತಿರುಗಿ, ಅಂಟಿನಲ್ಲಿ ನೆಟ್ಟಗೆ ನಾಟಿಕೊಳ್ಳುತ್ತದೆ. ವೋಲ್ಟೇಜ್ ಅಷ್ಟೇ ಇದ್ದರೂ ಜರಡಿ ದೂರವಾದಂತೆ ಕ್ಷೇತ್ರ ದುರ್ಬಲವಾಗುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಮುದ್ರಿಸಿದ ಕಿಲೋವೋಲ್ಟ್ ಅಂಕಿಯಷ್ಟೇ ಜರಡಿಯನ್ನು ನೆಲದಿಂದ ಎಷ್ಟು ಮೇಲೆ ಹಿಡಿಯುತ್ತೀರಿ ಎಂಬುದೂ ಮುಖ್ಯ. ಎರಡು ಮೂರು ಸೆಂಟಿಮೀಟರ್ ಎತ್ತರದಿಂದ ಬಿಟ್ಟಾಗ ಎದ್ದುನಿಲ್ಲುವ ಹುಲ್ಲು ಗೇಣೆತ್ತರದಿಂದ ಬಿಟ್ಟರೆ ಉದುರಿ ಮಲಗುತ್ತದೆ.

ನನ್ನ ಮೊದಲ ದೂರು ಅರ್ತ್ ತಂತಿಯದು. ತಯಾರಕರು ಕೊಟ್ಟಿರುವ ತಂತಿ ಮೇಜಿನ ಮೇಲೆ ಕುಳಿತು ಕೆಲಸ ಮಾಡುವವರಿಗಷ್ಟೇ ಸಾಲುತ್ತದೆ. ದೊಡ್ಡ ಲೇಔಟ್‌ನಲ್ಲಿ ಒಂದು ಕೈಯಲ್ಲಿ ಯಂತ್ರ ಹಿಡಿದು, ಇನ್ನೊಂದರಿಂದ ಸಿಗ್ನಲ್ ಕಂಬಗಳಿಗೆ ತಾಗದಂತೆ ತಂತಿಯನ್ನು ಎತ್ತಿ ಹಿಡಿದು, ಮೈಯನ್ನು ಬೆಟ್ಟದ ಮೇಲೆ ಬಾಗಿಸಬೇಕು. ತಂತಿಯನ್ನು ಬಿಚ್ಚಿ ಉದ್ದದ್ದೊಂದನ್ನು ಬೆಸೆದು, ತುದಿಗೆ ಒಳ್ಳೆಯ ಕ್ರೊಕೊಡೈಲ್ ಕ್ಲಿಪ್ ಹಾಕಿಕೊಂಡ ಮೇಲೆ ಅರ್ಧ ತಾಪತ್ರಯ ತೀರಿತು. ನಿಮ್ಮ ಬೆಟ್ಟಗುಡ್ಡಗಳು ಫೋಮ್ ಹಲಗೆಯವಾಗಿದ್ದರೆ ಇನ್ನೊಂದು ವಿಷಯ ನೆನಪಿಡಿ. ಫೋಮ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಹರಿಯುವುದು ಹಸಿ ಅಂಟಿನಲ್ಲಿ. ಕ್ಲಿಪ್ಪಿಗೆ ಸಿಕ್ಕಿಸಿದ ಮೊಳೆ ಅಂಟಿನ ಒಳಗೇ ಇರಬೇಕು, ಮತ್ತು ನೀವು ಮುಂದೆ ಸರಿದಂತೆ ಅದನ್ನೂ ಸರಿಸಬೇಕು. ಒಂದು ಮೂಲೆಯಲ್ಲಿ ಮೊಳೆ ನೆಟ್ಟು ಇನ್ನೊಂದು ಮೂಲೆಯಲ್ಲಿ ಹುಲ್ಲು ನಿಲ್ಲಲಿಲ್ಲ ಎಂದು ಯಂತ್ರವನ್ನು ಬೈಯುವವರನ್ನು ಕಂಡಿದ್ದೇನೆ.

ಎರಡನೆಯ ದೂರು ಬ್ಯಾಟರಿ. ಅದು ಒಮ್ಮೆಲೇ ಸಾಯುವುದಿಲ್ಲ, ಸುಸ್ತಾಗುತ್ತಾ ಹೋಗುತ್ತದೆ. ಸೂಚಕ ದೀಪ ಉರಿಯುತ್ತಲೇ ಇರುತ್ತದೆ, ಹುಲ್ಲು ಮಾತ್ರ ಓರೆಯಾಗತೊಡಗುತ್ತದೆ. ಎಳೆಗಳು ಬಾಗಿದ್ದು ಕಂಡ ಕೂಡಲೇ ಬ್ಯಾಟರಿ ಬದಲಿಸುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಗೋಡೆಯ ಸಾಕೆಟ್ಟಿಗೆ ಅಡಾಪ್ಟರ್ ಹಾಕಿ ನಡೆಸಬಹುದಾದ ಮಾದರಿಗಳೂ ಇವೆ. ದೊಡ್ಡ ಕೆಲಸವಿದ್ದರೆ ಅಂಥದ್ದನ್ನೇ ನೋಡಿ.

ಇನ್ನು ಅಂಟು. ನೀರು ಬೆರೆಸಿದ ಬಿಳಿ ಪಿವಿಎ ಅಂಟು ಸಾಕು, ಆದರೆ ಅದರ ಮೇಲೆ ಪೊರೆ ಕಟ್ಟತೊಡಗಿದರೆ ಮತ್ತೆ ಏನು ಉದುರಿಸಿದರೂ ವ್ಯರ್ಥ. ದೊಡ್ಡ ಲೇಔಟ್‌ನವರಿಗೆ ಆತುರ ಹೆಚ್ಚು. ಒಂದು ಗುಡ್ಡಕ್ಕೆ ಪೂರ್ತಿ ಅಂಟು ಬಳಿದುಬಿಡೋಣ ಎನಿಸುತ್ತದೆ. ಎರಡು ಅಂಗೈ ಹಿಡಿಯುವಷ್ಟು ಜಾಗಕ್ಕೆ ಬಳಿಯಿರಿ, ಅಂಚನ್ನು ನೇರವಾಗಿ ಬಿಡದೆ ಅಂಕುಡೊಂಕಾಗಿ ಬಿಡಿ, ಹುಲ್ಲು ನೆಡಿ, ಮುಂದೆ ಹೋಗಿ. ಇಲ್ಲದಿದ್ದರೆ ಎರಡು ತುಂಡುಗಳ ನಡುವಿನ ಗೆರೆ ಕೊನೆಯವರೆಗೂ ಎದ್ದು ಕಾಣುತ್ತದೆ. ಬಳಿಯುವ ಮೊದಲು ನೆಲಕ್ಕೆ ಮಣ್ಣಿನ ಕಂದು ಬಣ್ಣವಿರಲಿ. ಹುಲ್ಲಿನ ಬುಡದಲ್ಲಿ ಕಾಣಬೇಕಾದದ್ದು ಮಣ್ಣು.

ಹೊಸಬರು ಎಡವುವುದು ಎಳೆಯ ಉದ್ದದಲ್ಲಿ. ಅಂಗಡಿಯಲ್ಲಿ 12 ಮಿಲಿಮೀಟರ್ ಎಳೆಯ ಪೊಟ್ಟಣ ನೋಡಿದಾಗ ಅದು ಚಿಕ್ಕದೆನಿಸುತ್ತದೆ. 1:87ರಲ್ಲಿ ಅದು ಒಂದು ಮೀಟರಿಗಿಂತ ಎತ್ತರ, ಅಂದರೆ ಪ್ಲಾಟ್‌ಫಾರ್ಮಿನ ಮೇಲೆ ನಿಂತ ಪುಟ್ಟ ಮನುಷ್ಯನ ಸೊಂಟಕ್ಕೆ ಬರುವ ಹುಲ್ಲು. 6 ಮಿಲಿಮೀಟರ್ ಎಂದರೆ ಸುಮಾರು 52 ಸೆಂಟಿಮೀಟರ್, ಮೊಣಕಾಲಿನೆತ್ತರ. 2 ಮಿಲಿಮೀಟರ್ ಎಂದರೆ ಸುಮಾರು 17 ಸೆಂಟಿಮೀಟರ್. ಮೇಯ್ದು ಬಿಟ್ಟ ಬಯಲಿಗೆ ಅದೇ ಹೆಚ್ಚು. 1:160ರ ಎನ್ ಅಳತೆಯವರಿಗಂತೂ 6 ಮಿಲಿಮೀಟರೇ ಸೊಂಟದೆತ್ತರ. ನಾನು ಹೆಚ್ಚು ಬಳಸುವುದು 2 ಮತ್ತು 4. ಉದ್ದನೆಯದು ಚರಂಡಿಯ ಅಂಚಿಗೆ, ಬೇಲಿಯ ಬುಡಕ್ಕೆ, ಯಾರೂ ಕಾಲಿಡದ ಮೂಲೆಗೆ ಮಾತ್ರ.

ಯಂತ್ರಕ್ಕೆ ಅಂಟು ಎಲ್ಲಿದ್ದರೂ ಒಂದೇ. ಜಲ್ಲಿಯ ನಡುವೆ ಒಂದು ತೊಟ್ಟು ಬಿದ್ದಿದ್ದರೆ ಅಲ್ಲಿಯೂ ಅಷ್ಟೇ ಶ್ರದ್ಧೆಯಿಂದ ಹುಲ್ಲು ಬೆಳೆಸುತ್ತದೆ. ನಿಜವಾದ ರೈಲ್ವೆಯಲ್ಲಿ ಹಳಿಯ ಕೆಳಗಿನ ಜಲ್ಲಿ ಗಾಡಿಯ ಭಾರವನ್ನು ಹರಡಬೇಕು, ಮಳೆನೀರನ್ನು ಬಸಿದುಬಿಡಬೇಕು. ಕಳೆ ಬೆಳೆದರೆ ಎರಡೂ ಕೆಡುತ್ತವೆ. ಆದ್ದರಿಂದ ಮುಖ್ಯ ಮಾರ್ಗದ ಜಲ್ಲಿಯನ್ನು ಸ್ವಚ್ಛವಾಗಿಟ್ಟಿರುತ್ತಾರೆ. ಜಲ್ಲಿ ಮುಗಿದ ಕಡೆ ಬೋಳು ಮಣ್ಣು, ಆಮೇಲೆ ಚದುರಿದ ಗಿಡ್ಡ ಹುಲ್ಲು, ಏರಿಯ ಇಳಿಜಾರಿನಲ್ಲಿ ದಟ್ಟವಾದದ್ದು: ಈ ಕ್ರಮ ಸರಿಯಾದರೆ ಉಳಿದ ತಪ್ಪುಗಳನ್ನು ಕಣ್ಣು ಮನ್ನಿಸುತ್ತದೆ. ಸ್ಲೀಪರ್‌ಗಳ (ಹಳಿಯಡಿಯ ಅಡ್ಡಪಟ್ಟಿಗಳ) ನಡುವೆ ಹುಲ್ಲು ಬೇಕೆನ್ನುವವರು ಅದನ್ನು ಮುಖ್ಯ ಮಾರ್ಗದ ಪಕ್ಕದ, ಬಳಕೆಯಿಲ್ಲದ ಸೈಡಿಂಗ್‌ಗೆ ಮೀಸಲಿಡಲಿ. ವೇಗದ ಗಾಡಿ ಓಡುವ ಹಳಿಯ ನಡುವೆ ಮೊಣಕಾಲೆತ್ತರದ ಹುಲ್ಲು ನೆಟ್ಟ ಸುಂದರ ಲೇಔಟ್‌ಗಳನ್ನು ನೋಡಿದಾಗ ನನಗೆ ಎಂಜಿನ್ ಚಾಲಕನ ಬಗ್ಗೆ ಕಳವಳವಾಗುತ್ತದೆ.

ಒಂದೇ ಪದರ, ಒಂದೇ ಹಸಿರು ಎಂದರೆ ಕಾರ್ಪೆಟ್. ಮೊದಲು 2 ಮಿಲಿಮೀಟರಿನ ಒಣ ಕಂದು ಮಿಶ್ರಣ ನೆಟ್ಟು, ಒಣಗಿದ ಮೇಲೆ ಹೇರ್‌ಸ್ಪ್ರೇ ಅಥವಾ ಪದರದ ಮೇಲೆ ಪದರ ಹಿಡಿಸುವ ಅಂಟನ್ನು ತೆಳುವಾಗಿ ಸಿಂಪಡಿಸಿ 4 ಮಿಲಿಮೀಟರಿನದನ್ನು ಅಲ್ಲಲ್ಲಿ ಬಿಡುತ್ತೇನೆ. ಎರಡು ಮೂರು ಬಣ್ಣಗಳನ್ನು ಡಬ್ಬಿಯಲ್ಲಿ ಪೂರ್ತಿ ಬೆರೆಸುವುದಿಲ್ಲ. ಅರೆಬರೆ ಬೆರೆತಿದ್ದರೆ ನೆಲದ ಮೇಲೆ ತೇಪೆ ತೇಪೆಯಾಗಿ ಬರುತ್ತದೆ, ಬೇಕಾದದ್ದೂ ಅದೇ. ನೈಲಾನಿಗೆ ಒಂದು ಹೊಳಪಿದೆ. ದೀಪದ ಕೆಳಗೆ ಅದು ಕಣ್ಣಿಗೆ ಹೊಡೆದರೆ ಕೊನೆಯಲ್ಲಿ ಮ್ಯಾಟ್ ವಾರ್ನಿಷ್ ಸಿಂಪಡಿಸಿ.

ಹುಲ್ಲಿನ ಗುಚ್ಛಗಳನ್ನು ಕೊಳ್ಳುವುದನ್ನು ನಿಲ್ಲಿಸಿದ್ದೇನೆ. ಲೋಹದ ತಟ್ಟೆಗೆ ಕ್ಲಿಪ್ ಹಾಕಿ, ಅದರ ಮೇಲೆ ಅಂಟು ಹಿಡಿಯದ ಬೇಕಿಂಗ್ ಕಾಗದ ಹಾಸಿ, ಅಂಟಿನ ಚುಕ್ಕೆಗಳನ್ನಿಟ್ಟು ಯಂತ್ರ ಓಡಿಸಿದರೆ ಬೇಕಾದ ಬಣ್ಣದ ಗುಚ್ಛಗಳು ಸಿದ್ಧ. ದೊಡ್ಡ ಲೇಔಟ್‌ಗೆ ಇವು ಎಷ್ಟಿದ್ದರೂ ಸಾಲುವುದಿಲ್ಲವಾದ್ದರಿಂದ ಯಂತ್ರದ ದುಡ್ಡು ಹುಟ್ಟುವುದೇ ಇಲ್ಲಿ.

ಎಚ್ಚರಿಕೆಯ ಮಾತುಗಳು ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿವೆ, ನಾನು ದೊಡ್ಡದಾಗಿ ಹೇಳುತ್ತೇನೆ. ಕ್ಲಿಪ್ಪನ್ನು ಹಳಿಗೆ ಸಿಕ್ಕಿಸಬೇಡಿ. ಎಂಜಿನ್, ಬೋಗಿಗಳನ್ನು ಹಳಿಯಿಂದ ಇಳಿಸಿ. ಹಳಿಯ ಮೂಲಕ ಡಿಜಿಟಲ್ ಸಂಕೇತ ಕಳಿಸಿ ಎಂಜಿನ್ ನಡೆಸುವ ಡಿಸಿಸಿ ನಿಯಂತ್ರಣದ ಸಂಪರ್ಕವನ್ನು ಬಿಡಿಸಿ. ಆ ಸಂಕೇತ ಓದುವ ಡಿಕೋಡರ್‌ಗಳು ಕಿಲೋವೋಲ್ಟ್‌ಗಳಿಗಾಗಿ ಮಾಡಿದವಲ್ಲ. ಸ್ವಿಚ್ ಆರಿಸಿದ ಮೇಲೂ ಜರಡಿಯಲ್ಲಿ ಆವೇಶ ಉಳಿದಿರಬಹುದು, ಕ್ಲಿಪ್ಪನ್ನು ಒಮ್ಮೆ ಅದಕ್ಕೆ ತಾಗಿಸಿ ಖಾಲಿ ಮಾಡಿ. ತಗಲುವ ಶಾಕ್ ಚುರುಕ್ಕೆನಿಸುವಂಥದ್ದೇ, ಆದರೂ ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಇದರ ಗೊಡವೆಗೇ ಹೋಗಬಾರದು.

ಉದುರಿದ ಎಳೆಗಳು ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟಿನ ಚಲಿಸುವ ಹಳಿಗಳ ನಡುವೆ ಸೇರಿಕೊಂಡರೆ ಗಾಡಿ ಹಳಿ ತಪ್ಪುತ್ತದೆ, ಎಂಜಿನ್ನಿನ ಗೇರುಗಳಿಗೆ ಸುತ್ತಿಕೊಂಡರೆ ಬಿಚ್ಚಿ ಕೂರಬೇಕಾಗುತ್ತದೆ. ಪಾಯಿಂಟ್‌ಗಳಿಗೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿ. ಅಂಟು ಪೂರ್ತಿ ಒಣಗಿದ ಮೇಲೆ ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ತೆಳುವಾದ ನೈಲಾನ್ ಕಾಲುಚೀಲ ಕಟ್ಟಿ ಎಳೆದರೆ ಸಡಿಲ ಎಳೆಗಳೆಲ್ಲ ಅದರಲ್ಲಿ ಸಿಗುತ್ತವೆ, ಮತ್ತೆ ಬಳಕೆಗೂ ಬರುತ್ತವೆ.

ಹಳೆಯ ಭಾಗಗಳು ಈಗ ಹೇಗಿವೆ? ದಟ್ಟವಾಗಿ ನೆಟ್ಟದ್ದು ಹಾಗೆಯೇ ನಿಂತಿದೆ. ಮೊಣಕೈ ಊರುವ ಮುಂಭಾಗದಲ್ಲಿ ಮಾತ್ರ ಮಲಗಿದೆ, ಕಾಲುದಾರಿಯೆಂದು ಭಾವಿಸಿಕೊಂಡಿದ್ದೇನೆ. ಕಿಟಕಿಯ ಬಿಸಿಲು ಬೀಳುವ ಕಡೆ ಹಸಿರು ಮಾಸಿದೆ. ಧೂಳು ಎಲ್ಲಕ್ಕಿಂತ ದೊಡ್ಡ ಶತ್ರು. ಮೃದುವಾದ ಕುಂಚದಿಂದ ಎಬ್ಬಿಸುತ್ತಾ ಪಕ್ಕದಲ್ಲೇ ವ್ಯಾಕ್ಯೂಮ್ ಹಿಡಿಯಬೇಕು.

ಸೊಳ್ಳೆ ಬ್ಯಾಟನ್ನು ಬಿಚ್ಚಿ ಜರಡಿ ಕಟ್ಟಿಕೊಂಡು ಕೆಲಸ ಸಾಗಿಸುವವರೂ ಬಹಳ ಮಂದಿ ಇದ್ದಾರೆ. 2 ಮಿಲಿಮೀಟರ್ ಎಳೆಗೆ ಅದು ನಡೆಯುತ್ತದೆ. ವೋಲ್ಟೇಜ್ ತುಂಬ ಕಡಿಮೆಯಾದ್ದರಿಂದ ಉದ್ದನೆಯ ಎಳೆಗಳನ್ನು ಎತ್ತಿ ನಿಲ್ಲಿಸಲು ಒದ್ದಾಡುತ್ತದೆ. ಪುಟ್ಟ ಲೇಔಟ್ ಇರುವವರು ಅಲ್ಲಿಂದ ಶುರು ಮಾಡಿದರೆ ನಷ್ಟವೇನಿಲ್ಲ.

ನನ್ನ ಯಂತ್ರದ ಜರಡಿ ಕೂರುವ ಪ್ಲಾಸ್ಟಿಕ್ ಕಂಠದ ತಿರುಪು ಸವೆದಿದೆ, ಟೇಪ್ ಸುತ್ತಿ ಬಳಸುತ್ತಿದ್ದೇನೆ. ಬಿಡಿಭಾಗ ಪ್ರತ್ಯೇಕವಾಗಿ ಸಿಗುವುದಿಲ್ಲ. ಐದಕ್ಕೆ ನಾಲ್ಕು ನಕ್ಷತ್ರ. ಕಳೆದ ಒಂದರಲ್ಲಿ ಅರ್ಧ ಆ ಕಂಠಕ್ಕೆ, ಅರ್ಧ ಗಿಡ್ಡ ತಂತಿಗೆ.