ಸೆಕೆಯಲ್ಲಿ ಎಲ್ಲಿಗೆ ಹೋಗುವುದು? ಕದ್ರಿ, ತಣ್ಣೀರುಬಾವಿ, ಪಿಲಿಕುಳ ಸುತ್ತಿದ ಮೇಲೆ

ಮಂಗಳೂರಿನ ಏಪ್ರಿಲ್ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬಿಸಿಲಿಗಿಂತ ಸೆಕೆಯ ಕಾಟ ಜಾಸ್ತಿ. ಗಾಳಿಯಲ್ಲಿ ತೇವ ತುಂಬಿರುತ್ತದೆ, ಬೆವರು ಆರುವುದೇ ಇಲ್ಲ. ನೆರಳಲ್ಲಿ ಕೂತರೂ ಅಂಗಿ ಬೆನ್ನಿಗೆ ಅಂಟಿರುತ್ತದೆ. ಅಪ್ಪನಿಗೆ 74 ವರ್ಷ, ಗಂಟುನೋವು ಬೇರೆ. ಮಗಳಿಗೆ 7, ಶಾಲೆಗೆ ರಜೆ. ಇಬ್ಬರೂ ದಿನವಿಡೀ ಫ್ಯಾನಿನ ಕೆಳಗೆ ಕೂತಿರುವುದನ್ನು ನೋಡಲಾಗದೆ, ಈ ಬೇಸಿಗೆಯಲ್ಲಿ ಊರಿನ ಹಸಿರು ಜಾಗಗಳಿಗೆ ಮತ್ತೆ ಮತ್ತೆ ಕರೆದುಕೊಂಡು ಹೋದೆ. ಒಂದೇ ಜಾಗಕ್ಕೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ನೋಡಿದೆವು. ನಾನು ನೋಡಿದ್ದು ಮುಖ್ಯವಾಗಿ ಎರಡೇ: ನೆರಳು ಎಷ್ಟು, ಗಾಳಿ ಎಷ್ಟು. ಬೋಟು, ಜಾರುಬಂಡಿ, ಐಸ್‌ಕ್ರೀಮು ಎಲ್ಲಾ ಆಮೇಲೆ.

ಮೊದಲು ಕದ್ರಿ ಪಾರ್ಕು. ಮನೆಗೆ ಹತ್ತಿರ, ಊರಿನ ಮಧ್ಯದಲ್ಲೇ ಇದೆ. ನಾನು ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಜಿಂಕೆ ತೋರಿಸಲು ಇಲ್ಲಿಗೆ ಕರೆತರುತ್ತಿದ್ದರು. ಆ ಪ್ರಾಣಿಗಳು ಪಿಲಿಕುಳಕ್ಕೆ ಹೋಗಿ ಎಷ್ಟೋ ವರ್ಷವಾಯಿತು. ಈಗಿನ ಮಕ್ಕಳಿಗೆ ಕದ್ರಿ ಅಂದರೆ 2018ರಲ್ಲಿ ಶುರುವಾದ ಸಂಗೀತ ಕಾರಂಜಿ, ಜನವರಿಯಲ್ಲಿ ಗಣರಾಜ್ಯೋತ್ಸವದ ಹೊತ್ತಿಗೆ ನಡೆಯುವ ಫಲಪುಷ್ಪ ಪ್ರದರ್ಶನ.

ಬೆಳಗ್ಗೆ ಆರೂವರೆಗೆ ಇಲ್ಲಿ ನಡೆಯುವುದು ನಿಜಕ್ಕೂ ಹಿತ. ಸಮತಟ್ಟಾದ ದಾರಿ, ಕಾಲಿಗೆ ಕಷ್ಟವಿಲ್ಲ. ಸುಸ್ತಾದರೆ ಬೆಂಚು ಸಿಗುತ್ತದೆ. ಅಪ್ಪನಿಗೆ ಎರಡನೇ ದಿನಕ್ಕೇ ಮಾತಾಡಲು ಜನ ಸಿಕ್ಕಿದರು. ಆದರೆ ಒಂಬತ್ತು ಗಂಟೆ ದಾಟಿತೋ, ಮರದ ಕೆಳಗೂ ಕಾವು ಶುರು. ಹುಲ್ಲುಹಾಸು, ಹೂವಿನ ಪಾತಿ ನೋಡಲು ಚೆಂದ, ನೆರಳು ಕೊಡುವುದಿಲ್ಲವಲ್ಲ. ಸುತ್ತ ಕಟ್ಟಡಗಳಿರುವುದರಿಂದ ಕಡಲ ಗಾಳಿಯೂ ಇಲ್ಲಿಗೆ ಬರುವಷ್ಟರಲ್ಲಿ ಸೋತಿರುತ್ತದೆ. ದಿನನಿತ್ಯದ ವಾಕಿಂಗಿಗೆ ಕದ್ರಿಯೇ ಸರಿ. ಇಡೀ ಮಧ್ಯಾಹ್ನ ಕಳೆಯಲು ಮಾತ್ರ ಅಲ್ಲ.

ತಣ್ಣೀರುಬಾವಿ ವಿಷಯ ಬೇರೆಯೇ. ಕೂಳೂರಿನ ಕಡೆಯಿಂದ ಸುತ್ತಿ ಕಾರಿನಲ್ಲೂ ಹೋಗಬಹುದು. ಆದರೆ ಸುಲ್ತಾನ್ ಬತ್ತೇರಿಗೆ ಹೋಗಿ ದೋಣಿ ಹತ್ತಿದರೆ ಮಗುವಿಗೆ ಅಲ್ಲಿಂದಲೇ ಖುಷಿ ಶುರುವಾಗುತ್ತದೆ. ಟಿಪ್ಪು 1784ರಲ್ಲಿ ಗುರುಪುರ ನದಿಯ ಮೇಲೆ ಕಣ್ಣಿಡಲು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಗೋಪುರ ಈ ದಡದಲ್ಲಿದೆ. ಕೆಲವೇ ನಿಮಿಷದಲ್ಲಿ ಆ ದಡ. ಅತ್ತ ಕಡೆ ಸ್ವಲ್ಪ ನಡೆದರೆ ಕಡಲು, ಅದರ ಪಕ್ಕದಲ್ಲೇ ಅರಣ್ಯ ಇಲಾಖೆಯ ಟ್ರೀ ಪಾರ್ಕ್.

ಮೊದಲ ಸಲ ಬೆಳಗ್ಗೆ ಎಂಟಕ್ಕೆ ಹೋದೆವು. ಎಲೆ ಅಲ್ಲಾಡುತ್ತಿರಲಿಲ್ಲ. "ಕಡಲ ಹತ್ತಿರ ಬಂದರೂ ಎಂತ ಸೆಕೆ ಮಗಾ" ಅಂದರು ಅಪ್ಪ. ಎರಡನೇ ಸಲ ಸಂಜೆ ನಾಲ್ಕಕ್ಕೆ ಹೋದಾಗ ಅದೇ ಜಾಗ ಅಂತ ನಂಬಲಿಕ್ಕಾಗಲಿಲ್ಲ. ಹಗಲು ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ಕಾದ ನೆಲದ ಮೇಲಿನ ಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಕಡಲ ಕಡೆಯ ತಂಪು ಗಾಳಿ ನುಗ್ಗುತ್ತದೆ. ಅದು ಜೋರಾಗುವುದು ಮಧ್ಯಾಹ್ನ ಕಳೆದ ಮೇಲೆ. ಹಾಗಾಗಿ ತಣ್ಣೀರುಬಾವಿಗೆ ಬೆಳಗ್ಗೆ ಹೋಗಿ ಬೇಸರಪಟ್ಟವರು ಇನ್ನೊಮ್ಮೆ ಸಂಜೆ ಹೋಗಿ ನೋಡಿ.

ಇಲ್ಲಿನ ಗಾಳಿಮರಗಳ ಬಗ್ಗೆ ಹೇಳಲೇಬೇಕು. ನೆರಳು ದಟ್ಟವಲ್ಲ, ಜರಡಿ ಹಿಡಿದ ಹಾಗೆ ತೆಳುವಾಗಿ ಬೀಳುತ್ತದೆ. ಆದರೆ ಗಾಳಿ ಆ ಕಡ್ಡಿಗಳ ನಡುವೆ ಹಾಯುವಾಗ ಬರುವ ಸುಂಯ್ ಅನ್ನುವ ಸದ್ದಿದೆಯಲ್ಲ, ಅದನ್ನು ಕೇಳುತ್ತಾ ಅಪ್ಪ ಅರ್ಧ ಗಂಟೆ ಕಣ್ಣುಮುಚ್ಚಿ ಕೂತಿದ್ದರು. ಎಲೆ ಅಂತ ನಾವು ಅಂದುಕೊಳ್ಳುವುದು ಇಲ್ಲಿ ಎಲೆಯಲ್ಲ, ಗಿಣ್ಣು ಗಿಣ್ಣಾಗಿರುವ ಹಸಿರು ಕಡ್ಡಿ. ನಿಜವಾದ ಎಲೆ ಆ ಗಿಣ್ಣಿನ ಸುತ್ತ ಇರುವ ಚಿಕ್ಕ ಚಿಕ್ಕ ಹಲ್ಲುಗಳು. ಮಗಳಿಗೆ ನಾನು ಚಿಕ್ಕಂದಿನ ಆಟ ಕಲಿಸಿಕೊಟ್ಟೆ. ಕಡ್ಡಿಯನ್ನು ಒಂದು ಗಿಣ್ಣಲ್ಲಿ ಎಳೆದು ಬಿಡಿಸಬೇಕು, ಮತ್ತೆ ಹಾಗೇ ಸಿಕ್ಕಿಸಬೇಕು. ಎಲ್ಲಿ ಮುರಿದಿದೆ ಅಂತ ಎದುರಿನವರು ಹೇಳಬೇಕು. ಅಜ್ಜ ಐದು ಸಲ ಸೋತರು. ಈ ಮರ ನಮ್ಮ ಕರಾವಳಿಯದ್ದಲ್ಲ, ಹೊರಗಿನಿಂದ ತಂದು ಮರಳು ಹಿಡಿಯಲು ನೆಟ್ಟದ್ದು. ನಮ್ಮದೇ ಆದ ಅಡುಂಬು ಬಳ್ಳಿಯೂ ಅದೇ ಕೆಲಸ ಮಾಡುತ್ತದೆ. ದಪ್ಪ ಎಲೆ, ನೇರಳೆ ಹೂವು, ಬಿಸಿ ಮರಳಿನ ಮೇಲೆ ಉದ್ದಕ್ಕೆ ಹಬ್ಬುತ್ತದೆ. ಅದನ್ನು ತುಳಿಯದೆ ದಾಟಿ, ದಯವಿಟ್ಟು.

ಮಳೆಗಾಲದಲ್ಲಿ ಇಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ ಅಂತಲೇ ಹೇಳುತ್ತೇನೆ. ಜೂನ್‌ನಿಂದ ಕಡಲು ಉಕ್ಕುತ್ತಿರುತ್ತದೆ. ಅಲೆಯ ಹತ್ತಿರ ನಿಂತು ನೋಡುವುದೂ ಅಪಾಯ.

ಇನ್ನು ಪಿಲಿಕುಳ. ವಾಮಂಜೂರು ದಾಟಿ, ಊರಿಂದ ಸುಮಾರು 12 ಕಿಲೋಮೀಟರ್. ತುಳುವಿನಲ್ಲಿ ಪಿಲಿ ಅಂದರೆ ಹುಲಿ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳ ಅಂತ ಹೆಸರು. 350 ಎಕರೆಗೂ ಮೇಲೆ ಇದೆ. ಪ್ರಾಣಿಸಂಗ್ರಹಾಲಯ, ಕೆರೆಯಲ್ಲಿ ಬೋಟು, ತಾರಾಲಯ, ಗುತ್ತುಮನೆ (ತುಳುನಾಡಿನ ಹಳೆಯ ಕಾಲದ ದೊಡ್ಡ ಮನೆ), ಕುಶಲಕರ್ಮಿಗಳ ಗ್ರಾಮ... ಒಂದು ದಿನಕ್ಕೆ ಎಲ್ಲವನ್ನೂ ಮುಗಿಸುತ್ತೇವೆ ಅಂತ ಹೊರಟರೆ ಗಂಟುನೋವಿನವರ ಗತಿ ಕಷ್ಟ. ನಾವು ಮೊದಲ ಸಲ ಆ ತಪ್ಪು ಮಾಡಿದೆವು. ಹುಲಿ, ಕಾಳಿಂಗ ಸರ್ಪ ನೋಡಿ ಹೊರಬರುವಾಗ ಹನ್ನೆರಡೂವರೆ. ಅಪ್ಪನ ಮುಖ ಕೆಂಪಾಗಿತ್ತು, ಮಗಳು ಎತ್ತಿಕೋ ಅಂತ ಹಟ ಹಿಡಿದಿದ್ದಳು.

ಎರಡನೇ ಸಲ ಪ್ರಾಣಿಗಳನ್ನು ಬಿಟ್ಟು ಸಸ್ಯಕಾಶಿಗೆ ಮಾತ್ರ ಹೋದೆವು. ಪಶ್ಚಿಮ ಘಟ್ಟದ ಮರಗಳನ್ನು ತಂದು ಬೆಳೆಸಿದ ಜಾಗ ಅದು. ಹೆಚ್ಚಿನವರು ಹುಲಿ ನೋಡಿ ಇದನ್ನು ನೋಡದೆಯೇ ವಾಪಸ್ ಹೋಗುತ್ತಾರೆ, ಅದೇ ನನಗೆ ಬೇಸರ. ಕದ್ರಿಯ ನೆರಳಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಒಳಗೆ ಕಾಲಿಟ್ಟಾಗಲೇ ಮೈಗೆ ಗೊತ್ತಾಗುತ್ತದೆ. ಪಾರ್ಕಿನಲ್ಲಿ ಒಂದು ಮರ, ಅದರ ಕೆಳಗೆ ಹುಲ್ಲು. ಇಲ್ಲಿ ಮರದ ಕೆಳಗೆ ಮರ, ಅದರ ಕೆಳಗೆ ಗಿಡ, ನೆಲದಲ್ಲಿ ದಪ್ಪ ತರಗೆಲೆ. ಬಿಸಿಲು ನೆಲ ಮುಟ್ಟುವುದೇ ಇಲ್ಲ. ಕಾಯದ ನೆಲದಿಂದ ಕಾವೂ ಏಳುವುದಿಲ್ಲ.

ದಾರಿಯಲ್ಲಿ ಪುನರ್ಪುಳಿ ಹಣ್ಣು ಬಿದ್ದಿತ್ತು. ಒಡೆದು ಒಳಗಿನ ಕೆಂಪು ತಿರುಳು ಕಾಣುತ್ತಿತ್ತು, ಇರುವೆ ಮುತ್ತಿತ್ತು. ಅಪ್ಪ ಕಷ್ಟಪಟ್ಟು ಬಗ್ಗಿ ಎತ್ತಿಕೊಂಡರು, ಬೆರಳೆಲ್ಲ ಕೆಂಪಾಯಿತು. "ಇದರ ಸಿಪ್ಪೆಯನ್ನು ನನ್ನ ಅಮ್ಮ ಅಂಗಳದಲ್ಲಿ ಒಣಗಿಸುತ್ತಿದ್ದರು. ನೀನು ಕುಡಿಯುತ್ತೀಯಲ್ಲ ಜ್ಯೂಸು, ಅದು ಇದರದ್ದೇ" ಅಂತ ಮೊಮ್ಮಗಳಿಗೆ ಹೇಳಿದರು. ಅವಳಿಗೆ ಅದು ಅಂಗಡಿಯ ಬಾಟಲಿಯಲ್ಲಿ ಹುಟ್ಟುತ್ತದೆ ಅಂತಲೇ ಇತ್ತು.

ಕೊರತೆಯೂ ಇದೆ. ಮರ ದಟ್ಟ ಇರುವ ಕಡೆ ಗಾಳಿ ಆಡುವುದಿಲ್ಲ, ಸೊಳ್ಳೆ ಇರುತ್ತದೆ. ಹಾಗಾಗಿ ಬೆಳಗ್ಗೆ ಗೇಟು ತೆರೆಯುತ್ತಿದ್ದಂತೆ ಹೋಗಬೇಕು, ತೋಳು ಮುಚ್ಚುವ ಅಂಗಿ ಹಾಕಬೇಕು. ಸೋಮವಾರ ರಜೆ.

ಬಾವುಟಗುಡ್ಡೆಯ ಠಾಗೋರ್ ಪಾರ್ಕನ್ನೂ ಪಟ್ಟಿಗೆ ಸೇರಿಸೋಣ ಅಂದುಕೊಂಡಿದ್ದೆ. ಅದು ಚಿಕ್ಕದು. ಬ್ರಿಟಿಷರ ವಿರುದ್ಧ ಎದ್ದ 1837ರ ರೈತ ದಂಗೆಯವರು ಬಾವುಟ ಹಾರಿಸಿದ ಗುಡ್ಡ. ಅರ್ಧ ಗಂಟೆ ಕೂತು ಸೂರ್ಯಾಸ್ತ ನೋಡಲು ಚೆನ್ನಾಗಿದೆ, ಅಷ್ಟೇ.

ಒಂದನ್ನೇ ಆರಿಸು ಅಂದರೆ ನಾನು ಪಿಲಿಕುಳದ ಆ ಮರಗಳ ನಡುವೆ ಹೋಗುತ್ತೇನೆ. ಅಪ್ಪನ ಓಟು ತಣ್ಣೀರುಬಾವಿಗೆ. ಹೊರಗಿನಿಂದ ಒಂದೇ ದಿನಕ್ಕೆ ಬರುವವರು ಎರಡನ್ನೂ ನೋಡಬಹುದು: ಬೆಳಗ್ಗೆ ಪಿಲಿಕುಳ, ಮಧ್ಯಾಹ್ನ ಊಟ ಮಾಡಿ ಸುಮ್ನೆ ಮಲಗಿ, ನಾಲ್ಕರ ಹೊತ್ತಿಗೆ ಸುಲ್ತಾನ್ ಬತ್ತೇರಿ. ಸೂರ್ಯ ಮುಳುಗುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ವಾಪಸ್ ಬರುವ ಕೊನೆಯ ದೋಣಿ ಎಷ್ಟು ಗಂಟೆಗೆ ಅಂತ ಹೋಗುವಾಗಲೇ ದೋಣಿಯವರಲ್ಲಿ ಕೇಳಿಟ್ಟುಕೊಳ್ಳಿ.